ಹೃದ್ರೋಗದ ಮಾತ್ರೆಯನ್ನು ಪುಡಿ ಮಾಡಿ ಕೊಡಬಹುದೇ?

ನುಂಗಲು ಕಷ್ಟಪಡುವ ಹಿರಿಯರಿಗೆ ಹೃದಯದ ಮಾತ್ರೆಯನ್ನು ಪುಡಿ ಮಾಡಿ ಕೊಡಬಹುದೇ ಎಂಬುದು ಔಷಧದ ಹೆಸರಿಗಿಂತ ಹೆಚ್ಚಾಗಿ ಮಾತ್ರೆಯ ರಚನೆಯನ್ನು ಅವಲಂಬಿಸಿದೆ. ಸಾದಾ ಆಮ್ಲೋಡಿಪಿನ್ ಅಥವಾ ಅಟೆನೊಲಾಲ್ ಮಾತ್ರೆಯನ್ನು ಪುಡಿ ಮಾಡಿ, ನೀರಿನಲ್ಲಿ ಕದಡಿ ಕೂಡಲೇ ಕುಡಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಎಲ್, ಇಆರ್ ಅಥವಾ ರಿಟಾರ್ಡ್ ಎಂದಿರುವ ಮಾತ್ರೆಗಳು, ಅಂದರೆ ಔಷಧವನ್ನು 12 ಅಥವಾ 24 ಗಂಟೆಗಳ ಉದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಿಡುವಂತೆ ರೂಪಿಸಿದವು, ಪುಡಿಯಾದರೆ ಆ ಇಡೀ ಪ್ರಮಾಣವನ್ನು ಒಮ್ಮೆಲೇ ದೇಹಕ್ಕೆ ಬಿಟ್ಟುಬಿಡುತ್ತವೆ. ಹಾಗಾದಾಗ ನಿಫೆಡಿಪಿನ್ ರಿಟಾರ್ಡ್ ರಕ್ತದೊತ್ತಡವನ್ನು ಹಠಾತ್ತನೆ ಕುಸಿಯುವಂತೆ ಮಾಡಬಹುದು, ಮೆಟೊಪ್ರೊಲಾಲ್ ಎಕ್ಸ್‌ಎಲ್ ನಾಡಿಬಡಿತವನ್ನು ಅಪಾಯಕರವಾಗಿ ನಿಧಾನಗೊಳಿಸಬಹುದು. ಎರಡನೆಯದರ ಮೇಲೆ ಗೀರಿದ್ದರೆ ಅದನ್ನು ಎರಡು ಹೋಳು ಮಾಡಬಹುದೇ ಹೊರತು ಅರೆಯುವಂತಿಲ್ಲ ಎಂಬ ವ್ಯತ್ಯಾಸವನ್ನು ಮನೆಯವರು ಮರೆಯಲೇಬಾರದು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಡಾಬಿಗಟ್ರಾನ್ ಕ್ಯಾಪ್ಸೂಲನ್ನು ಬಿಡಿಸಿ ಒಳಗಿನ ಗುಳಿಗೆಗಳನ್ನಷ್ಟೇ ಕೊಟ್ಟರೆ, ರಕ್ತಕ್ಕೆ ಸೇರುವ ಔಷಧ ಸುಮಾರು ಶೇ. 75ರಷ್ಟು ಹೆಚ್ಚಿ, ರಕ್ತಸ್ರಾವದ ಅಪಾಯವೂ ಏರುತ್ತದೆ. ಹಾಗೆಂದು ಭಯಪಟ್ಟು ಮಾತ್ರೆಯನ್ನೇ ನಿಲ್ಲಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಮೆಟೊಪ್ರೊಲಾಲ್‌ನಂಥ ಔಷಧ ಥಟ್ಟನೆ ನಿಂತರೆ ಎದೆನೋವು ಮರುಕಳಿಸಬಹುದು. ಆದ್ದರಿಂದ ಮನೆಯವರು ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ವೈದ್ಯರಿಗೆ ತೋರಿಸಿ, ದಿನಕ್ಕೆ ಎರಡು ಬಾರಿ ಕೊಡುವ ಸಾದಾ ಮಾತ್ರೆಗೋ ದ್ರವರೂಪದ ಔಷಧಕ್ಕೋ ಬದಲಾಯಿಸಲು ಸಾಧ್ಯವೇ ಎಂದು ವಿಚಾರಿಸುವುದು ಸೂಕ್ತ.