ಮಣ್ಣಿನ ಆರೋಗ್ಯ ಚೀಟಿಯಲ್ಲಿ ಇಲ್ಲದ ಹದಿಮೂರನೇ ಸಾಲು

ನಮ್ಮಲ್ಲಿ ಹಳ್ಳಿ ಕಡೆಯಿಂದ ಬಂದವರೆಲ್ಲ ಮನೆಯಲ್ಲಿ ಮಣ್ಣಿನ ಆರೋಗ್ಯ ಚೀಟಿ ನೋಡಿರ್ತೀರಿ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ ಅದು. ಚೀಟಿಯಲ್ಲಿ 12 ಅಳತೆಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ವಿದ್ಯುತ್ ವಾಹಕತೆ, ಸಾವಯವ ಇಂಗಾಲ. ಹೆಸರು ಆರೋಗ್ಯ ಚೀಟಿ, ಆದರೆ ಇಷ್ಟರಲ್ಲಿ ಜೀವಂತವಾದದ್ದು ಒಂದೂ ಇಲ್ಲ. ರಕ್ತಪರೀಕ್ಷೆ ಪೂರ್ತಿ ಮಾಡಿ, ನಾಡಿ ಮಾತ್ರ ಹಿಡಿಯದೆ ಬಿಟ್ಟ ಹಾಗೆ. ಚೀಟಿ ಬೇಡ ಅಂತಲ್ಲ, ಗೊಬ್ಬರದ ಲೆಕ್ಕಕ್ಕೆ ಅದು ಬೇಕೇ ಬೇಕು. ಆದರೆ ಮಣ್ಣಿಗೆ ನಾಡಿ ಹಿಡಿಯುವ ದಾರಿಯೂ ಒಂದಿದೆ, ಅದಕ್ಕೆ ಬೇಕಾಗುವುದು ಒಂದು ಬಾಟಲಿ ಮತ್ತು ಒಂದು ಬಲ್ಬು.

ಒಂದು ಹಿಡಿ ಒಳ್ಳೆ ಮಣ್ಣಿನಲ್ಲಿ ಎರೆಹುಳುವಿಗಿಂತ ಎಷ್ಟೋ ಚಿಕ್ಕದಾದ, ಬರಿಗಣ್ಣಿಗೆ ಚುಕ್ಕಿಯಂತೆ ಕಾಣುವ ಪ್ರಾಣಿಗಳಿರುತ್ತವೆ. ಮೈ ಅಗಲ ಸುಮಾರು 0.1ರಿಂದ 2 ಮಿ.ಮೀ. ಇವುಗಳಲ್ಲಿ ಎರಡು ಗುಂಪು ಮುಖ್ಯ. ಒಂದು ನುಸಿಗಳು, ಎಂಟು ಕಾಲಿನವು, ಜೇಡನ ಸಂಬಂಧಿಗಳು. ಇನ್ನೊಂದು ಸ್ಪ್ರಿಂಗ್‌ಟೇಲ್. ಇದರ ಹೊಟ್ಟೆಯ ಕೆಳಗೆ ಮಡಚಿಟ್ಟ ಕವಲು ಬಾಲವೊಂದಿರುತ್ತದೆ. ಕೊಂಡಿ ಕಳಚಿದ ಕೂಡಲೇ ಅದು ನೆಲಕ್ಕೆ ಬಡಿದು ಪ್ರಾಣಿ ಚಂಗನೆ ಹಾರುತ್ತದೆ, ಪಕ್ಕಾ ಸ್ಪ್ರಿಂಗ್ ಲೋಡೆಡ್ ಮೆಕ್ಯಾನಿಸಂ. ಹೆಚ್ಚಿನ ಸ್ಪ್ರಿಂಗ್‌ಟೇಲ್‌ಗಳು ಶಿಲೀಂಧ್ರ ಮತ್ತು ಕೊಳೆತ ಎಲೆ ಮೇಯುತ್ತವೆ. ನುಸಿಗಳಲ್ಲಿ ಕೆಲವು ತರಗು ತಿನ್ನುತ್ತವೆ, ಕೆಲವು ಬೇಟೆಯಾಡುತ್ತವೆ. ಎಲೆ ಚೂರಾದಷ್ಟೂ ಮೇಲ್ಮೈ ವಿಸ್ತೀರ್ಣ ಹೆಚ್ಚಿ ಬ್ಯಾಕ್ಟೀರಿಯಾಗಳಿಗೆ ಕೆಲಸ ಸುಲಭವಾಗುತ್ತದೆ. ಅಲ್ಲಿಂದ ಸಾರಜನಕ ಬೇರಿಗೆ ದಕ್ಕುವ ರೂಪಕ್ಕೆ ಬರುತ್ತದೆ.

ಇವನ್ನು ಸೂಚಕ ಅಂತ ಯಾಕೆ ಕರೀತಾರೆ? ಸಿವಿಲ್‌ನವರು ಇದನ್ನು ಬೇಗ ಹಿಡೀತೀರಿ. ಈ ಪ್ರಾಣಿಗಳಿಗೆ ಎರೆಹುಳುವಿನ ಹಾಗೆ ಬಿಲ ತೋಡಲು ಬರುವುದಿಲ್ಲ. ಮಣ್ಣಿನಲ್ಲಿ ಈಗಾಗಲೇ ಇರುವ ಸಂದುಗಳೇ ಅವುಗಳ ಮನೆ. ಮಣ್ಣಿನ ಕಣದ ಸಾಂದ್ರತೆ ಘನ ಸೆಂ.ಮೀ.ಗೆ 2.65 ಗ್ರಾಂ ಎಂದಿಟ್ಟುಕೊಳ್ಳಿ. ಸಡಿಲ ಮಣ್ಣಿನ ಬಲ್ಕ್ ಡೆನ್ಸಿಟಿ 1.3 ಇದ್ದರೆ ಸಂದುಗಳ ಪಾಲು ಶೇ. 51. ಟ್ರ್ಯಾಕ್ಟರು, ಕಬ್ಬಿನ ಲಾರಿ ಓಡಾಡಿ ಅದು 1.6ಕ್ಕೆ ಏರಿದರೆ ಶೇ. 40. ಹನ್ನೊಂದೇ ಅಂಶ ಹೋಯ್ತಲ್ಲ ಅನ್ನಬೇಡಿ, ಒತ್ತಡಕ್ಕೆ ಮೊದಲು ಕುಸಿಯುವುದು ದೊಡ್ಡ ಸಂದುಗಳೇ. ಗಾಳಿ ಆಡುವುದು, ಮಳೆನೀರು ಇಳಿಯುವುದು, ಈ ಪ್ರಾಣಿಗಳು ವಾಸಿಸುವುದು ಎಲ್ಲ ಅಲ್ಲೇ. ಲ್ಯಾಬಿನಲ್ಲಿ ನಾವು ಪ್ರಾಕ್ಟರ್ ಟೆಸ್ಟ್ ಮಾಡಿ ಮಣ್ಣು ಎಷ್ಟು ಗಟ್ಟಿಯಾಗುತ್ತೆ ಅಂತ ಖುಷಿಪಡ್ತೀವಿ. ರೈತನಿಗೆ ಬೇಕಾಗಿರುವುದು ಅದರ ತದ್ವಿರುದ್ಧ.

ನಮ್ಮ ಸುತ್ತಲಿನ ನಾಲ್ಕು ತಾಲ್ಲೂಕುಗಳು ಈ ವಿಷಯ ಕಲಿಯಲು ಹೇಳಿ ಮಾಡಿಸಿದಂತಿವೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, 1933ರ ಮಂಡ್ಯ ಸಕ್ಕರೆ ಕಾರ್ಖಾನೆ, ಈ ಮೂರೂ ಸೇರಿ ಶ್ರೀರಂಗಪಟ್ಟಣ, ಪಾಂಡವಪುರದ ಬಯಲನ್ನು ಭತ್ತ-ಕಬ್ಬಿನ ನಾಡಾಗಿಸಿದವು. ಆ ಕಾಲದಲ್ಲಿ ಮೈಸೂರಿನ ಕೃಷಿ ಇಲಾಖೆ ನಡೆಸಿದ, ಕಾರ್ಖಾನೆಯ ಹಿಂದೆಯೂ ನಿಂತ ಲೆಸ್ಲಿ ಕೋಲ್ಮನ್ ಮೂಲತಃ ಕೀಟಶಾಸ್ತ್ರ, ಶಿಲೀಂಧ್ರಶಾಸ್ತ್ರದವರು ಅನ್ನೋದು ಒಂದು ಮಜಾ. ಕೆ.ಆರ್. ಪೇಟೆಯಲ್ಲಿ ಹೇಮಾವತಿ ನಾಲೆ ಮುಟ್ಟಿದ ಕಡೆ ಒಂದು ಬಗೆ, ಮುಟ್ಟದ ಕಡೆ ಇನ್ನೊಂದು ಬಗೆ. ನಾಗಮಂಗಲಕ್ಕೆ ಬಂದರೆ ಕೆಂಪು ಮರಳುಮಿಶ್ರಿತ ಹೊಲ, ರಾಗಿ, ಹುರುಳಿ, ತೆಂಗು, ಮಳೆ ಇಲ್ಲವೇ ಬೋರ್‌ವೆಲ್.

ನೀರಿದ್ದ ಕಡೆ ಮಣ್ಣು ಚೆನ್ನಾಗಿರುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಈ ಪ್ರಾಣಿಗಳ ಲೆಕ್ಕದಲ್ಲಿ ಅದು ಹಾಗಲ್ಲ. ಭತ್ತದ ಗದ್ದೆಯಲ್ಲಿ ಕೆಸರು ತುಳಿಸಿ ನೀರು ನಿಲ್ಲಿಸುವ ಉದ್ದೇಶವೇ ಸಂದುಗಳನ್ನು ಮುಚ್ಚಿ ನೀರು ಇಂಗದಂತೆ ಮಾಡುವುದು. ನೀರು ನಿಂತ ತಿಂಗಳುಗಳಲ್ಲಿ ಗಾಳಿ ಉಸಿರಾಡುವ ನುಸಿಗೂ ಸ್ಪ್ರಿಂಗ್‌ಟೇಲ್‌ಗೂ ಒಳಗೆ ಜಾಗವಿಲ್ಲ, ಅವಕ್ಕೆ ಆಸರೆ ಬದು. ಹಾಗಾಗಿ ಹುಲ್ಲು, ಗಿಡ ಇರುವ ಬದುವನ್ನು ಬೋಳು ಕೆತ್ತಿ ಕಳೆನಾಶಕ ಹೊಡೆಯುವುದು ಚೆನ್ನಾಗಿ ಕಾಣಬಹುದು, ಆದರೆ ನೀರು ಬತ್ತಿದ ಮೇಲೆ ಗದ್ದೆಗೆ ಜೀವ ವಾಪಸ್ ಬರಬೇಕಾದ ದಾರಿಯೇ ಅದು. ಕಬ್ಬಿನಲ್ಲಿ ಪ್ರಶ್ನೆ ತರಗಿನದು. ಕಟಾವಾದ ಮೇಲೆ ಬೆಂಕಿ ಇಟ್ಟರೆ ಕೂಳೆ ಬೆಳೆಗೆ ಹೊಲ ಒಂದೇ ದಿನದಲ್ಲಿ ಸಿದ್ಧ. ಕೂಲಿ ಸಿಗದ ಕಾಲದಲ್ಲಿ ರೈತರನ್ನು ಬೈಯ್ಯೋದು ಸುಲಭ, ತರಗು ಎಳೆದು ಸಾಲಿಗೆ ಹಾಕೋರು ಯಾರು? ಆದರೂ ಉರಿದದ್ದು ಈ ಪ್ರಾಣಿಗಳ ಊಟ ಮತ್ತು ಸೂರು ಎರಡೂ. ಸ್ಪ್ರಿಂಗ್‌ಟೇಲ್‌ಗಳು ಕೆಲವೇ ವಾರಗಳಲ್ಲಿ ಸಂತಾನ ಬೆಳೆಸಬಲ್ಲವು. ತರಗು ತಿನ್ನುವ ಗಟ್ಟಿಚಿಪ್ಪಿನ ನುಸಿಗಳು ಮೊಟ್ಟೆ ಇಡುವುದೇ ಕಡಿಮೆ, ಬೆಳೆಯುವುದು ನಿಧಾನ. ಪ್ರತಿ ವರ್ಷ ಸುಟ್ಟರೆ ಅವು ಚೇತರಿಸಿಕೊಳ್ಳುವಷ್ಟರಲ್ಲಿ ಮುಂದಿನ ಬೆಂಕಿ ಬಂದಿರುತ್ತದೆ.

ಹಾಗಾದರೆ ಎಣಿಸಿಬಿಟ್ಟರೆ ಮುಗೀತಲ್ವಾ? ಇಲ್ಲ. ಡಿಡಿಟಿ ಬಳಕೆಯಲ್ಲಿದ್ದ ಕಾಲದಲ್ಲಿ ಅದನ್ನು ಹಾಕಿದ ಮಣ್ಣಿನಲ್ಲಿ ಸ್ಪ್ರಿಂಗ್‌ಟೇಲ್‌ಗಳು ಕಡಿಮೆಯಾಗುವ ಬದಲು ಹೆಚ್ಚಿದ್ದು ಕಂಡುಬಂತು. ಡಿಡಿಟಿ ಅವುಗಳಿಗಿಂತ ಅವುಗಳನ್ನು ತಿನ್ನುವ ಬೇಟೆ ನುಸಿಗಳನ್ನು ಹೆಚ್ಚು ಕೊಂದಿತ್ತು. ಬರೀ ಸಂಖ್ಯೆ ನೋಡಿದವರಿಗೆ ಮಣ್ಣು ಭರ್ಜರಿ ಆರೋಗ್ಯವಾಗಿದೆ ಅನ್ನಿಸುತ್ತೆ. ಸೆನ್ಸರ್ ಕೆಲಸ ಮಾಡ್ತಿದೆ, ನಾವು ಓದಿದ್ದು ತಪ್ಪು. ನಮ್ಮಲ್ಲೂ ಕಬ್ಬಿನ ಗೊಣ್ಣೆಹುಳುವಿಗೆ ಅಂತ ಮಣ್ಣಿಗೇ ಹರಳು ವಿಷ ಸುರಿಯುವ ರೂಢಿ ಇತ್ತು. ಅದರಲ್ಲಿ ಹೆಸರಾದ ಫೋರೇಟ್ ಅನ್ನು 2018ರ ಆದೇಶದಂತೆ 2020ರ ಡಿಸೆಂಬರ್ ಕೊನೆಗೆ ಪೂರ್ತಿ ನಿಷೇಧಿಸಲಾಯಿತು.

ಈ ತೊಡಕಿಗೆ ಇಟಲಿಯ ವಿಟ್ಟೋರಿಯೊ ಪರೀಸಿ 2001ರಲ್ಲಿ ಒಂದು ಸರಳ ಸೂಚ್ಯಂಕ ಕೊಟ್ಟರು. ಎಷ್ಟಿವೆ ಅಂತ ಅಲ್ಲ, ಯಾವ ಯಾವ ಗುಂಪಿನವು ಇವೆ, ಅವು ಮಣ್ಣೊಳಗಿನ ಬದುಕಿಗೆ ಎಷ್ಟು ಒಗ್ಗಿವೆ ಅಂತ ನೋಡಿ 1ರಿಂದ 20ರವರೆಗೆ ಅಂಕ. ಕಣ್ಣಿಲ್ಲದ, ಬಿಳಿಚಿದ, ಬಾಲ ಕುಗ್ಗಿದ ಸ್ಪ್ರಿಂಗ್‌ಟೇಲ್‌ಗೆ 20, ಯಾಕಂದ್ರೆ ಅದು ಮಣ್ಣು ಬಿಟ್ಟು ಬೇರೆಲ್ಲೂ ಬದುಕದು. ಬಣ್ಣ, ಕಣ್ಣು, ಉದ್ದ ಬಾಲ ಇದ್ದರೆ ಅಂಕ ಕಡಿಮೆ, ಅದು ಮೇಲ್ಮೈಯಲ್ಲಿ ಓಡಾಡಿಕೊಂಡು ಜಾಗ ಬದಲಿಸಬಲ್ಲದು. ನುಸಿಗೆ 20, ಇರುವೆಗೆ 5, ನೊಣದ ಮರಿಹುಳುವಿಗೆ 10. ಒಂದೊಂದು ಗುಂಪಿನಿಂದ ಅತಿ ಹೆಚ್ಚಿನ ಅಂಕ ಮಾತ್ರ ತೆಗೆದುಕೊಂಡು ಕೂಡಬೇಕು. ಉದಾಹರಣೆಗೆ ಒಂದು ಮಾದರಿಯಲ್ಲಿ ನುಸಿ 20, ಮೇಲ್ಮೈ ಸ್ಪ್ರಿಂಗ್‌ಟೇಲ್ 4, ಇರುವೆ 5 ಸಿಕ್ಕರೆ ಒಟ್ಟು 29. ಇನ್ನೊಂದರಲ್ಲಿ ನುಸಿ 20, ಒಳಮಣ್ಣಿನ ಸ್ಪ್ರಿಂಗ್‌ಟೇಲ್ 20, ಇರುವೆ 5, ಮರಿಹುಳು 10 ಸಿಕ್ಕರೆ 55. ಜಾತಿ ಗುರುತಿಸುವ ಪಂಡಿತರು ಬೇಡ, ಗುಂಪು ಗೊತ್ತಾದರೆ ಸಾಕು. ನನ್ನ ತಕರಾರು ಒಂದಿದೆ. ಯೂರೋಪಿನ ಮಣ್ಣು ನೋಡಿ ಮಾಡಿದ ಪಟ್ಟಿ ಇದು. ನಾಗಮಂಗಲದ ಒಣ ಹೊಲದಲ್ಲಿ ತರಗು ಒಳಗೆಳೆಯುವ ಅರ್ಧ ಕೆಲಸ ಗೆದ್ದಲಿನದು, ಅದಕ್ಕೆ ಇಲ್ಲಿ ನ್ಯಾಯ ಸಿಕ್ಕಂತಿಲ್ಲ. ನಮ್ಮ ಮಣ್ಣಿನ ಜೀವಿಗಳ ಅಧ್ಯಯನ ಇಲ್ಲಿ ಹೊಸದೇನಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ಜಿ.ಕೆ. ವೀರೇಶ್ ಭಾರತದ ಮಣ್ಣಿನ ಜೀವಶಾಸ್ತ್ರದ ಬಗ್ಗೆ ಸಂಪುಟವೊಂದನ್ನು 1981ರಲ್ಲೇ ಸಂಪಾದಿಸಿದ್ದರು.

ಈಗ ಬಾಟಲಿ ಮತ್ತು ಬಲ್ಬಿನ ವಿಷಯ. ಇಟಲಿಯ ಆಂಟೋನಿಯೊ ಬರ್ಲೀಸಿ 1905ರಲ್ಲಿ ಕಂಡುಹಿಡಿದ ಕೊಳವೆ ಇದು, ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್ ಅದಕ್ಕೆ ವಿದ್ಯುತ್ ದೀಪ ಸೇರಿಸಿದರು. ಎರಡು ಲೀಟರ್ ಬಾಟಲಿಯನ್ನು ಕತ್ತರಿಸಿ ಮೇಲ್ಭಾಗ ತಲೆಕೆಳಗು ಮಾಡಿ, ಒಳಗೆ 2 ಮಿ.ಮೀ. ಕಣ್ಣಿನ ಜಾಲರಿ ಇಡಿ. 10 ಸೆಂ.ಮೀ. ಆಳದವರೆಗಿನ ಮಣ್ಣನ್ನು ಪುಡಿ ಮಾಡದೆ, ಅಲುಗಿಸದೆ ಅದರ ಮೇಲಿಡಿ. ಕೆಳಗೆ ಶೇ. 70ರ ಆಲ್ಕೋಹಾಲ್ ಇರುವ ಚಿಕ್ಕ ಸೀಸೆ. ಮೇಲಿಂದ ಬಲ್ಬು ಉರಿದಂತೆ ಮಣ್ಣು ಮೇಲಿನಿಂದ ಒಣಗುತ್ತಾ ಬರುತ್ತದೆ, ಪ್ರಾಣಿಗಳು ತೇವ ಹುಡುಕಿ ಕೆಳಗಿಳಿದು ಸೀಸೆಗೆ ಬೀಳುತ್ತವೆ. ಐದರಿಂದ ಏಳು ದಿನ ಬಿಡಿ. ಎಲ್‌ಇಡಿ ಹಾಕಬೇಡಿ, ಅದರ ದಕ್ಷತೆಯೇ ಇಲ್ಲಿ ಸಮಸ್ಯೆ, ಮಣ್ಣು ಒಣಗಿಸುವಷ್ಟು ಬಿಸಿ ಬರುವುದಿಲ್ಲ. ಹಳೇ 40 ವ್ಯಾಟಿನ ತಂತಿ ಬಲ್ಬೇ ಬೇಕು. ಸೀಸೆಯಲ್ಲಿ ಸಿಕ್ಕಿದ್ದನ್ನು ನೋಡಲು 40 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಸಾಕು.

ಮಾಡುವುದಾದರೆ ಒಂದೇ ಊರಿನ ಎರಡು ಜಾಗ ಹೋಲಿಸಿ: ತರಗು ಸುಟ್ಟ ಕಬ್ಬು ಮತ್ತು ಸುಡದ ಕಬ್ಬು, ಗದ್ದೆ ಮತ್ತು ಅದರ ಬದು, ರಾಗಿ ಹೊಲ ಮತ್ತು ಹೊಂಗೆಮರದ ಬುಡ. ಶ್ರೀರಂಗಪಟ್ಟಣದ ಗದ್ದೆಯನ್ನು ನಾಗಮಂಗಲದ ಹೊಲಕ್ಕೆ ಹೋಲಿಸಿದರೆ ಮಣ್ಣು, ನೀರು, ಬೆಳೆ ಎಲ್ಲ ಬೇರೆ, ಯಾವುದರಿಂದ ಏನಾಯ್ತು ಹೇಳಲಾಗದು. ಒಂದೊಂದು ಜಾಗದಿಂದ ಕನಿಷ್ಠ ಮೂರು ಮಾದರಿ ಇರಲಿ. ಕಾಲುವೆಗೆ ನೀರು ಬಿಟ್ಟು ಗದ್ದೆ ತುಂಬುವ ಮುಂಚೆ, ಒಂದು ಹದ ಮಳೆ ಬಿದ್ದ ಎರಡು ಮೂರು ದಿನದ ಮೇಲೆ ತೆಗೆದರೆ ಒಳ್ಳೇದು. ಬೇಸಿಗೆಯ ಒಣ ಮಣ್ಣಿನಲ್ಲಿ ಅವು ಆಳಕ್ಕೆ ಇಳಿದಿರುತ್ತವೆ, ಸೀಸೆ ಖಾಲಿ ಬಂದರೆ ಮಣ್ಣು ಸತ್ತಿದೆ ಅಂತ ಬರೆಯಬೇಡಿ.