ಸೇರಿಸುವ ಮೊದಲು ಒಳಗೆ ಹೋಗಿ ನೋಡಿ

ಮಗುವಿಗೆ ಐದು ತುಂಬುತ್ತಿದ್ದಂತೆ ನಿಮ್ಮ ಮನೆಯಲ್ಲಿ ಶಾಲೆಯ ಮಾತು ಶುರುವಾಗಿರುತ್ತದೆ. ವ್ಯಾನ್ ಎಲ್ಲಿಂದ ಬರುತ್ತದೆ, ಡೊನೇಶನ್ ಎಷ್ಟು, ಯಾರ ಮಗ ಎಲ್ಲಿ ಸೇರಿದ ಎಂದು ವಿಚಾರಿಸಿ ಆಗಿರುತ್ತದೆ. ನಡೆದು ಹೋಗುವಷ್ಟು ಹತ್ತಿರವಿರುವ ಸರ್ಕಾರಿ ಪ್ರಾಥಮಿಕ ಶಾಲೆಯ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೂ ‘ಅಲ್ಲೇನೂ ಹೇಳಿಕೊಡಲ್ಲ’ ಎಂದು ಯಾರೋ ಅಂದಿದ್ದಕ್ಕೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಸರ್ಕಾರಿ ಶಾಲೆಗಳಲ್ಲೇ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು ನಾನು. ಸೇರಿಸಲೇಬೇಕು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನೋಡದೆ ತಳ್ಳಿಹಾಕಬೇಡಿ, ನೋಡದೆ ಸೇರಿಸಲೂಬೇಡಿ ಎಂದಷ್ಟೇ ನನ್ನ ಕೋರಿಕೆ.

ನೋಡಲು ಹೋಗುವುದಾದರೆ ದಾಖಲಾತಿಯ ಹೊತ್ತಿಗೆ ಹೋಗಬೇಡಿ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ. ಪ್ರಾರಂಭೋತ್ಸವದ ದಿನ ತಳಿರುತೋರಣ, ಸಿಹಿ. ಎರಡರಲ್ಲೂ ನಿಮಗೆ ಶಾಲೆ ಕಾಣಿಸದು. ನವೆಂಬರ್‌ನಿಂದ ಫೆಬ್ರವರಿಯೊಳಗೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿಗಳ ಗದ್ದಲವೆಲ್ಲ ಮುಗಿದ ಮೇಲೆ, ಒಂದು ಸಾಮಾನ್ಯ ಮಂಗಳವಾರವೋ ಬುಧವಾರವೋ ಹೋಗಿ. ಮುಖ್ಯ ಶಿಕ್ಷಕರ ಅನುಮತಿ ಕೇಳಿ. ‘ನಮ್ಮ ಮಗುವನ್ನು ಸೇರಿಸಬೇಕೆಂದಿದ್ದೇವೆ, ಸ್ವಲ್ಪ ಹೊತ್ತು ತರಗತಿಯಲ್ಲಿ ಕೂತು ನೋಡಬಹುದೇ?’ ಎಂದು ವಿನಯದಿಂದ ಕೇಳಿದವರನ್ನು ಒಳ್ಳೆಯ ಮುಖ್ಯ ಶಿಕ್ಷಕರು ಬರಿಗೈಯಲ್ಲಿ ಕಳಿಸುವುದಿಲ್ಲ.

ಮೊದಲು ಶಿಕ್ಷಕರ ಲೆಕ್ಕ ಕೇಳಿ. ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಸಣ್ಣ ಶಾಲೆಗಳಲ್ಲಿ ಈ ಅನುಪಾತ ನಿಮ್ಮನ್ನು ದಾರಿ ತಪ್ಪಿಸಬಹುದು. ನಲವತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರು ಎಂದರೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಇಬ್ಬರೇ ಒಂದರಿಂದ ಐದರವರೆಗೆ ಎಲ್ಲ ತರಗತಿಗಳನ್ನೂ ನಿಭಾಯಿಸಬೇಕು. ಅವರಲ್ಲೊಬ್ಬರು ಜನಗಣತಿಗೋ ಚುನಾವಣೆ ಕೆಲಸಕ್ಕೋ ಹೋದರೆ, ಅದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ, ಉಳಿದವರ ಪಾಡು ಊಹಿಸಿಕೊಳ್ಳಿ. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾಗಿರುವುದು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಜನ, ನಿಯೋಜನೆಯ ಮೇಲೆ ಬೇರೆಡೆ ಹೋದವರಿದ್ದಾರೆಯೇ, ಮುಂದಿನ ವರ್ಷ ಯಾರು ನಿವೃತ್ತರಾಗುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಗೋಡೆಯ ಬಣ್ಣ ನೋಡುವುದಕ್ಕಿಂತ ಇದು ಮುಖ್ಯ.

ಒಂದನೇ ತರಗತಿಗೆ ಹೋದಾಗ ನಿಮಗೆ ಗಾಬರಿಯಾಗಬಹುದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕೂತಿರುತ್ತಾರೆ. ಮಾತು, ಓಡಾಟ, ಸದ್ದು. ‘ಪಾಠವೇ ಇಲ್ಲ’ ಎಂದು ಎಷ್ಟೋ ತಂದೆತಾಯಿ ಅಲ್ಲಿಂದಲೇ ಹಿಂದಿರುಗಿದ್ದಾರೆ. ಅದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಪದ್ಧತಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದದ್ದು. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಒಂದು ತಟ್ಟೆಯವರಿಗೆ, ಅಂದರೆ ಒಂದು ಗುಂಪಿನವರಿಗೆ, ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದು ತಟ್ಟೆಯವರಿಗೆ ಗೆಳೆಯರ ಸಹಾಯ, ಮತ್ತೊಂದರಲ್ಲಿ ಸ್ವಕಲಿಕೆ. ಚೆನ್ನಾಗಿ ನಡೆಸಿದರೆ ಇದಕ್ಕಿಂತ ಮಗುವಿಗೆ ಒಗ್ಗುವ ಪದ್ಧತಿಯನ್ನು ನಾನು ಕಂಡಿಲ್ಲ. ನಡೆಸದಿದ್ದರೆ ಅದು ಬರೀ ಗದ್ದಲವೇ.

ಎರಡನ್ನೂ ಬೇರೆಮಾಡಿ ನೋಡುವುದು ಕಷ್ಟವಲ್ಲ. ನಲಿ-ಕಲಿಯ ಕಲಿಕಾ ಕಾರ್ಡುಗಳ ಅಂಚು ಮಕ್ಕಳ ಕೈಯಲ್ಲಿ ಸವೆದಿದೆಯೇ, ಇಲ್ಲ ಕಾರ್ಡುಗಳು ಹೊಸದರಂತೆ ಟ್ರಂಕಿನಲ್ಲಿ ಕೂತಿವೆಯೇ? ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಮಾಡಿದ ಕರಿಹಲಗೆಯ ಮೇಲೆ ಇವತ್ತಿನ ಬಳಪದ ಗುರುತಿದೆಯೇ? ಆಮೇಲೆ ಮೂಲೆಯಲ್ಲಿ ಸುಮ್ಮನೆ ಕೂತ ಒಂದು ಮಗುವನ್ನು ತೋರಿಸಿ, ‘ಈ ಮಗು ಈಗ ಯಾವ ಮೆಟ್ಟಿಲಿನಲ್ಲಿದೆ?’ ಎಂದು ಕೇಳಿ. ಪ್ರಗತಿ ನೋಟ ತೆಗೆಯದೆ, ‘ಗುಣಿತಾಕ್ಷರಕ್ಕೆ ಬಂದಿದ್ದಾಳೆ, ಕೊಂಬು ಮತ್ತು ಕೊಂಬಿನಿಳಿ ಇನ್ನೂ ಗೊಂದಲ’ ಎಂದು ಹೇಳುವ ಟೀಚರ್ ಸಿಕ್ಕರೆ ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ಉಳಿದರ್ಧಕ್ಕೆ ನಾಲ್ಕನೇ ತರಗತಿಗೆ ಹೋಗಿ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಎರಡನೇ ತರಗತಿಯ ಮಟ್ಟದ ಕಥೆ ಓದಿಸುತ್ತಾರೆ, ಸಾಲ ತೆಗೆದು ಕಳೆಯುವ ಲೆಕ್ಕ ಮಾಡಿಸುತ್ತಾರೆ. ನೀವೂ ಅಷ್ಟೇ ಮಾಡಿ. ಟೀಚರ್ ಮುಂದೆ ಕಳಿಸುವ ಜಾಣ ಮಗುವನ್ನಲ್ಲ, ಗೋಡೆಗೆ ಒರಗಿ ಕೂತ ಮಗುವನ್ನು ಪ್ರೀತಿಯಿಂದ ಪಕ್ಕಕ್ಕೆ ಕರೆದು ಎರಡನೇ ತರಗತಿಯ ಪುಸ್ತಕದ ಒಂದು ಪುಟ ಓದಿಸಿ. ಸಾಲಿನ ಕೆಳಗೆ ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ನಿಂತು, ತುಟಿಯಲ್ಲೇ ಒಮ್ಮೆ ಹೇಳಿಕೊಂಡು ಮುಂದೆ ಹೋಗುವ ಮಗು ಓದುತ್ತಿದೆ. ಅದರ ನಿಧಾನಕ್ಕೆ ಹೆದರಬೇಡಿ. ಪುಸ್ತಕ ನೋಡದೆ ಗಡಗಡನೆ ಒಪ್ಪಿಸುವ ಮಗು ಓದುತ್ತಿಲ್ಲ. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು ಪುಟ್ಟಾ?’ ಎಂದರೆ ತಿಳಿದುಬಿಡುತ್ತದೆ. ಆಮೇಲೆ 52ರಲ್ಲಿ 37 ಕಳೆಯಲು ಹೇಳಿ. ‘ಎರಡರಲ್ಲಿ ಏಳು ಹೋಗಲ್ಲ’ ಎಂದು ದಶಕದ ಮನೆಗೆ ಹೋದರೆ ಸರಿ. 25 ಎಂದು ಬರೆದರೆ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂಬುದಷ್ಟೇ ಆ ಮಗುವಿಗೆ ಗೊತ್ತು, ಸಂಖ್ಯೆಯ ಬೆಲೆ ಗೊತ್ತಾಗಿಲ್ಲ. ಒಬ್ಬರಲ್ಲ, ನಾಲ್ಕೈದು ಮಕ್ಕಳ ಕೈಯಲ್ಲಿ ಮಾಡಿಸಿ ತೀರ್ಮಾನಕ್ಕೆ ಬನ್ನಿ. ಇದೇ ಪರೀಕ್ಷೆಯನ್ನು ನೀವು ನೋಡಿಟ್ಟಿರುವ ಖಾಸಗಿ ಶಾಲೆಯಲ್ಲೂ ಮಾಡಿ. ಅಲ್ಲಿ ಬಿಡದಿದ್ದರೆ, ಆ ಶಾಲೆಯ ಮಕ್ಕಳು ನಿಮ್ಮ ಬೀದಿಯಲ್ಲೇ ಇರುತ್ತಾರಲ್ಲ.

ಮಧ್ಯಾಹ್ನದ ಊಟದವರೆಗೂ ಇರಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ, ಪಾಲಿಸುತ್ತಾರೆಯೇ ನೋಡಿ. ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆಯೇ ಎಂಬುದನ್ನು ಇನ್ನೂ ಎಚ್ಚರದಿಂದ ನೋಡಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯೇ, ಅದರ ಬೀಗದ ಕೈ ಆಫೀಸಿನಲ್ಲಿದೆಯೇ?

ಇಂಗ್ಲಿಷಿನ ಚಿಂತೆ ನಿಮ್ಮನ್ನು ಕಾಡುತ್ತಿರುತ್ತದೆ, ಗೊತ್ತು. 2019-20ರಿಂದ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ತೆರೆದವು. ಫಲಕ ನೋಡಿ ಸೇರಿಸಬೇಡಿ, ಆ ತರಗತಿಗೆ ಪಾಠ ಮಾಡುವವರು ಯಾರು ಎಂದು ಕೇಳಿ. ನನ್ನ ಅನುಭವದಲ್ಲಿ, ಮನೆಯ ಮಾತಿನಲ್ಲಿ ಓದಲು ಕಲಿತ ಮಗು ಇಂಗ್ಲಿಷನ್ನು ತಡವಾಗಿ ಹಿಡಿದರೂ ಗಟ್ಟಿಯಾಗಿ ಹಿಡಿಯುತ್ತದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಮೀಸಲಾತಿ ಇರುವುದೂ ನಿಮಗೆ ತಿಳಿದಿರಲಿ.

ಇಷ್ಟೆಲ್ಲ ನೋಡಿದ ಮೇಲೆ ಕೊರತೆಗಳ ಪಟ್ಟಿ ಉದ್ದವೇ ಇರುತ್ತದೆ. ಅದನ್ನು ಎರಡು ಭಾಗ ಮಾಡಿ. ಮುರಿದ ಕಾಂಪೌಂಡು, ಸೋರುವ ಹೆಂಚು, ಬೀಗ ಬಿದ್ದ ಗ್ರಂಥಾಲಯದ ಬೀರು, ನೀರಿಲ್ಲದ ಶೌಚಾಲಯ, ಇವು ಪೋಷಕರು ಮನಸ್ಸು ಮಾಡಿದರೆ ಸರಿಹೋಗುವಂಥವು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯ್ದೆ ಹೇಳುತ್ತದೆ. ಓದು ಬಲ್ಲ ತಾಯಿಯೊಬ್ಬಳು ಎಸ್‌ಡಿಎಂಸಿಗೆ ಬಂದು ಕೂತರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗುವ ಅರ್ಜಿಯ ತೂಕವೇ ಬೇರೆ. ಆದರೆ ತರಗತಿಗೆ ಶಿಕ್ಷಕರೇ ಇಲ್ಲದಿದ್ದರೆ, ಇದ್ದವರು ಮಕ್ಕಳ ಮುಖ ನೋಡದಿದ್ದರೆ, ಕೈಯಲ್ಲಿ ಕೋಲು ಇದ್ದರೆ, ಅದನ್ನು ನಿಮ್ಮ ಮಗುವಿನ ಒಂದನೇ ತರಗತಿಯೊಳಗೆ ಸರಿಪಡಿಸಲು ನಿಮ್ಮಿಂದ ಆಗದು. ಅಂಥಲ್ಲಿ ಸೇರಿಸಬೇಡಿ. ಸರ್ಕಾರಿ ಶಾಲೆ ಉಳಿಯಬೇಕೆಂಬ ಆಸೆ ನನಗೂ ಇದೆ, ಅದರ ಭಾರವನ್ನು ಆರು ವರ್ಷದ ಮಗುವಿನ ಹೆಗಲಿಗೆ ಹಾಕುವುದು ತಪ್ಪು.

ಸೇರಿಸಿದಿರಾದರೆ ದಸರಾ ರಜೆಯವರೆಗೆ ಯಾರ ಮಗುವಿನೊಂದಿಗೂ ಹೋಲಿಸದೆ ತಾಳ್ಮೆಯಿಂದಿರಿ. ರಜೆ ಮುಗಿದ ವಾರ ಮಗುವಿನ ಟೀಚರ್ ಹತ್ತಿರ ಹೋಗಿ, ಯಾವ ಮೆಟ್ಟಿಲು ಎಂಬ ಅದೇ ಪ್ರಶ್ನೆಯನ್ನು ಈಗ ನಿಮ್ಮ ಮಗುವಿನ ಬಗ್ಗೆ ಕೇಳಿ. ಎರಡನೇ ವರ್ಷವೂ ಉತ್ತರ ಸಿಗದಿದ್ದರೆ ಟಿ.ಸಿ. ಕೇಳಲು ಹಿಂಜರಿಯಬೇಡಿ. ಕೇಳಿದ ಕೂಡಲೇ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ.