ಉಳಿದ 249 ಮಂದಿಯ ಇತಿಹಾಸ

ಕುಟುಂಬ ವೈದ್ಯರಿಗೂ ಒಂದು ಇತಿಹಾಸವಿದೆಯೇ ಎಂದು ನನ್ನನ್ನು ಕೇಳಿದವರಲ್ಲಿ ಹೆಚ್ಚಿನವರು ವೈದ್ಯರೇ. ಶಸ್ತ್ರಚಿಕಿತ್ಸೆಗೆ ಇತಿಹಾಸವಿದೆ, ಸಿಡುಬಿನ ಲಸಿಕೆಗೆ ಇದೆ, ಪೆನಿಸಿಲಿನ್‌ಗೆ ಇದೆ. ಮಗುವಿನ ಕೆಮ್ಮು, ತಾಯಿಯ ಬಿಪಿ, ಅಜ್ಜನ ಮಂಡಿನೋವು ನೋಡುತ್ತ ಒಂದೇ ಊರಿನಲ್ಲಿ ಜೀವ ಸವೆಸುವ ಡಾಕ್ಟರಿಗೆ ಎಂಥ ಇತಿಹಾಸ? ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿ, ಅಮೆರಿಕದ ಮಧ್ಯಭಾಗದ ಸಣ್ಣ ಊರಿನಲ್ಲಿ ಬಹುಕಾಲದಿಂದ ಫ್ಯಾಮಿಲಿ ಡಾಕ್ಟರ್ ಆಗಿರುವ ನನ್ನನ್ನು ಈ ಪ್ರಶ್ನೆ ಬಿಡಲಿಲ್ಲ. ಉತ್ತರ ಹುಡುಕಲೆಂದೇ ಒಂದು ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿದೆ. ಅದರಿಂದ ಕಲಿತದ್ದನ್ನು, ಮುಂದೆ ಈ ದಾರಿಯಲ್ಲಿ ಬರುವವರಿಗಾಗಿ ಬರೆಯುತ್ತಿದ್ದೇನೆ.

ಕ್ಯಾನ್ಸಸ್ ರಾಜ್ಯದ ಲೀವುಡ್‌ನಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಫ್ಯಾಮಿಲಿ ಫಿಸಿಷಿಯನ್ಸ್‌ನ ಕೇಂದ್ರ ಕಚೇರಿಯಿದೆ. ಅದರ ಪ್ರತಿಷ್ಠಾನ 'ಸೆಂಟರ್ ಫಾರ್ ದಿ ಹಿಸ್ಟರಿ ಆಫ್ ಫ್ಯಾಮಿಲಿ ಮೆಡಿಸಿನ್' ಎಂಬ ಪತ್ರಾಗಾರವನ್ನು ನಡೆಸುತ್ತದೆ. ಸಭೆಗಳ ನಡಾವಳಿ, ಪತ್ರವ್ಯವಹಾರ, ಹಿರಿಯ ವೈದ್ಯರ ಧ್ವನಿಮುದ್ರಿತ ಸಂದರ್ಶನಗಳು ಅಲ್ಲಿವೆ. ಅವನ್ನು ಅಧ್ಯಯನ ಮಾಡಬಯಸುವವರ ಪ್ರಯಾಣ, ವಸತಿ ಖರ್ಚಿಗೆ ನೆರವಾಗುವ ಫೆಲೋಶಿಪ್ ಇದು. ವೈದ್ಯರು, ವಿದ್ಯಾರ್ಥಿಗಳು, ಇತಿಹಾಸಕಾರರು ಅರ್ಜಿ ಹಾಕಬಹುದು. ವರ್ಷಗಟ್ಟಲೆ ಸಂಬಳ ಕೊಡುವಂಥದ್ದಲ್ಲ. ಹಾಗಾಗಿ ಅಲ್ಲಿ ಕಳೆಯುವ ಒಂದೊಂದು ಗಂಟೆಗೂ ಬೆಲೆಯಿದೆ.

ಅರ್ಜಿ ಬರೆಯುವಾಗಲೇ ಮೊದಲ ಪಾಠ ಸಿಕ್ಕಿತು. ಪ್ರಶ್ನೆ ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು. 'ಕುಟುಂಬ ವೈದ್ಯಕೀಯದ ಉಗಮ ಮತ್ತು ವಿಕಾಸ' ಎಂದು ಬರೆದರೆ ಯಾವ ಪೆಟ್ಟಿಗೆ ತೆರೆಯಬೇಕೆಂದು ನಮಗೂ ತಿಳಿಯದು, ಪತ್ರಾಗಾರದವರಿಗೂ ತಿಳಿಯದು. ನನ್ನ ಪ್ರಶ್ನೆ ಇಷ್ಟೇ: ಆಗಲೇ ಇಪ್ಪತ್ತು–ಮೂವತ್ತು ವರ್ಷ ವೃತ್ತಿ ಮಾಡಿದ್ದ ವೈದ್ಯರು ಕೂಡ ಪರೀಕ್ಷೆ ಬರೆದೇ ತೀರಬೇಕೆಂದು ಕುಟುಂಬ ವೈದ್ಯಕೀಯದ ತಜ್ಞಮಂಡಳಿ ಏಕೆ ಪಟ್ಟು ಹಿಡಿಯಿತು? ಇದನ್ನು ಸಿಬ್ಬಂದಿಗೆ ಮುಂಚಿತವಾಗಿ ಬರೆದು, ಬೇಕಾದ ಹೆಸರು, ಇಸವಿಗಳನ್ನು ತಿಳಿಸಿದ್ದೆ. ಅವರು ಆರಿಸಿಟ್ಟಿದ್ದ ಕಡತಗಳಲ್ಲಿ ಕೆಲವು ನನಗೆ ಹೊಳೆದೇ ಇರಲಿಲ್ಲ. ಪತ್ರಾಗಾರದವರನ್ನು ಬರೀ ಕಡತ ತಂದುಕೊಡುವವರೆಂದು ನೋಡಬಾರದು. ಅವರು ನಮ್ಮ ಸಂಶೋಧನೆಯ ಸಹಪಾಠಿಗಳು.

ಹಿನ್ನೆಲೆ ಹೀಗಿದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ತಜ್ಞವೈದ್ಯರ ಸಂಖ್ಯೆ ಏರಿತು, ಸಾಮಾನ್ಯ ವೈದ್ಯರ ಸಂಖ್ಯೆ ಕುಸಿಯತೊಡಗಿತು. 1947ರಲ್ಲಿ ಅವರು ತಮ್ಮದೇ ಅಕಾಡೆಮಿ ಕಟ್ಟಿಕೊಂಡರು. ಸದಸ್ಯರಾಗಿ ಉಳಿಯಬೇಕಾದರೆ ಮೂರು ವರ್ಷಕ್ಕೊಮ್ಮೆ 150 ಗಂಟೆಗಳ ಮುಂದುವರಿಕೆ ಶಿಕ್ಷಣ ಪಡೆಯಬೇಕೆಂಬ ನಿಯಮವನ್ನೂ ತಾವೇ ಹಾಕಿಕೊಂಡರು. 1966ರಲ್ಲಿ ಮಿಲ್ಲಿಸ್, ಫಾಲ್ಸಮ್, ವಿಲ್ಲರ್ಡ್ ಹೆಸರಿನ ಮೂರು ವರದಿಗಳು ಬಂದವು. ಜಾನ್ ಮಿಲ್ಲಿಸ್ ಭೌತವಿಜ್ಞಾನಿ, ಮೇರಿಯನ್ ಫಾಲ್ಸಮ್ ಉದ್ಯಮದಿಂದ ಬಂದು ಕೇಂದ್ರ ಆರೋಗ್ಯ, ಶಿಕ್ಷಣ ಇಲಾಖೆ ನಡೆಸಿದವರು, ವಿಲಿಯಂ ವಿಲ್ಲರ್ಡ್ ಕೆಂಟಕಿಯ ವೈದ್ಯಕೀಯ ಕಾಲೇಜಿನ ಡೀನ್. ರೋಗಿಯನ್ನು ಇಡಿಯಾಗಿ ನೋಡುವ, ಕೊನೆತನಕ ಜವಾಬ್ದಾರಿ ಹೊರುವ ವೈದ್ಯ ಬೇಕು, ಅವನಿಗೆ ಅದಕ್ಕೆ ತಕ್ಕ ತರಬೇತಿ ಬೇಕು ಎಂಬಲ್ಲಿ ಈ ವರದಿಗಳು ಕೂಡಿದವು. 1969ರ ಫೆಬ್ರುವರಿ 8ರಂದು ಫ್ಯಾಮಿಲಿ ಪ್ರಾಕ್ಟೀಸ್ ಅಮೆರಿಕದ 20ನೇ ತಜ್ಞವಿಭಾಗವಾಗಿ ಮನ್ನಣೆ ಪಡೆಯಿತು.

ಈ ವಿಭಾಗದ ವೈದ್ಯರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಹೊಸ ಮಂಡಳಿಯನ್ನು ಮುನ್ನಡೆಸಿದವರು ಕೆಂಟಕಿಯ ಡಾ. ನಿಕೊಲಾಸ್ ಪಿಸಕಾನೊ. ಹಳಬರೆಂಬ ಕಾರಣಕ್ಕೆ ಯಾರಿಗೂ ಪ್ರಮಾಣಪತ್ರ ಸಿಗಲಿಲ್ಲ. 1970ರ ಮೊದಲ ಪರೀಕ್ಷೆಗೆ ತಲೆನರೆತ ವೈದ್ಯರೂ ಕುಳಿತರು. ಪಾಸಾದರೂ ಆ ಪ್ರಮಾಣಪತ್ರ ಜೀವನಪೂರ್ತಿಯದಲ್ಲ. ಕೆಲವು ವರ್ಷಗಳ ನಂತರ ಮತ್ತೆ ಪರೀಕ್ಷೆ ಬರೆಯಬೇಕು. ಅಮೆರಿಕದ ಬೇರೆ ಯಾವ ತಜ್ಞಮಂಡಳಿಯೂ ಅಲ್ಲಿಯವರೆಗೆ ಇಂಥ ಷರತ್ತು ಹಾಕಿರಲಿಲ್ಲ.

ಇದನ್ನು ಗೆದ್ದವರ ಕಥೆಯಾಗಿ ಬರೆದುಬಿಡುವುದು ಸುಲಭ. ನಾನು ಕಲಿತ ಎರಡನೇ ಪಾಠ, ಸೋತವರ ವಾದವನ್ನೂ ಅಷ್ಟೇ ಗೌರವದಿಂದ ಓದಬೇಕು ಎಂಬುದು. ತಜ್ಞಮಂಡಳಿ ಬೇಡ ಎಂದು ಅಕಾಡೆಮಿಯ ಒಳಗೇ ವರ್ಷಗಟ್ಟಲೆ ವಿರೋಧವಿತ್ತು. ವಿರೋಧಿಸಿದವರು ಸೋಮಾರಿಗಳಲ್ಲ. ಹಗಲುರಾತ್ರಿ ಊರಿನ ಹೆರಿಗೆ, ಮೂಳೆಮುರಿತ, ಸಾವುನೋವು ನೋಡಿದವರು. ಆ ಅನುಭವವನ್ನು ಯಾವ ಪ್ರಶ್ನೆಪತ್ರಿಕೆ ಅಳೆಯಬಲ್ಲದು ಎಂಬ ಅವರ ಕೇಳ್ವಿಗೆ ಇಂದಿಗೂ ಪೂರ್ಣ ಉತ್ತರವಿಲ್ಲ. ಆದರೂ ಮಂಡಳಿಯ ನಿರ್ಧಾರ ಸರಿ ಎಂದೇ ಕಡತಗಳನ್ನು ಓದಿದ ಮೇಲೆ ನನಗನ್ನಿಸಿತು. ಇತರ ತಜ್ಞರ ಸಾಲಿನಲ್ಲಿ ಸಮನಾಗಿ ಕೂರಲು ಕುಟುಂಬ ವೈದ್ಯರಿಗೆ ಇದ್ದ ಒಂದೇ ದಾರಿ, ತಮ್ಮ ಮೇಲೆ ತಾವೇ ಎಲ್ಲರಿಗಿಂತ ಬಿಗಿಯಾದ ನಿಯಮ ಹಾಕಿಕೊಳ್ಳುವುದು. ಎರಡೂ ಕಡೆಯ ಮಾತು ಓದದಿದ್ದರೆ ಆ ನಿರ್ಧಾರದ ಹಿಂದಿನ ಧೈರ್ಯ ನನಗೆ ಕಾಣುತ್ತಲೇ ಇರಲಿಲ್ಲ.

ಈ ಓದಿನ ನಡುವೆ, ವಿದ್ಯಾರ್ಥಿದೆಸೆಯಲ್ಲಿ ಕಣ್ಣಾಡಿಸಿದ್ದ ಒಂದು ಲೇಖನಕ್ಕೆ ಮರಳಿದೆ. 1961ರಲ್ಲಿ ಕೆರ್ ವೈಟ್ ಮತ್ತು ಸಂಗಡಿಗರು ಬರೆದದ್ದು. ಅವರ ಲೆಕ್ಕದಲ್ಲಿ, 1,000 ವಯಸ್ಕರಲ್ಲಿ ಒಂದು ತಿಂಗಳಿಗೆ 750 ಮಂದಿಗೆ ಏನಾದರೊಂದು ಕಾಯಿಲೆಯೋ ಗಾಯವೋ ಆಗುತ್ತದೆ. 250 ಮಂದಿ ವೈದ್ಯರ ಬಳಿ ಹೋಗುತ್ತಾರೆ. 9 ಮಂದಿ ಆಸ್ಪತ್ರೆಗೆ ದಾಖಲಾಗುತ್ತಾರೆ. ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆ ತಲುಪುವವರು ಒಬ್ಬರು. ನಾವು ವೈದ್ಯಕೀಯ ಕಲಿಯುವುದು ಆ ಒಬ್ಬರನ್ನು ನೋಡಿ. ವೈದ್ಯಕೀಯದ ಇತಿಹಾಸವೂ ಬಹುಪಾಲು ಅವರ ಸುತ್ತಲೇ ಹೆಣೆದದ್ದು, ಏಕೆಂದರೆ ದೊಡ್ಡಾಸ್ಪತ್ರೆಗಳಲ್ಲಿ ದಾಖಲೆ ಕೊಠಡಿಗಳಿವೆ. ಉಳಿದ 249 ಮಂದಿಯ ಸಂಗತಿ ಇರುವುದು ಸಣ್ಣ ಕ್ಲಿನಿಕ್ಕುಗಳ ರಿಜಿಸ್ಟರಿನಲ್ಲಿ, ಆ ವೈದ್ಯರ ನೆನಪಿನಲ್ಲಿ. ಕುಟುಂಬ ವೈದ್ಯರಿಗೆ ಎಂಥ ಇತಿಹಾಸ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ಇತಿಹಾಸ ಧಾರಾಳವಾಗಿದೆ, ಅದನ್ನು ಕೂಡಿಡುವವರು ಕಡಿಮೆ.

ಮೂರನೇ ಪಾಠ, ಕಾಗದದಲ್ಲಿ ಯಾರು ಕಾಣುವುದಿಲ್ಲ ಎಂದು ಗಮನಿಸುವುದು. ಅಮೆರಿಕದ 1965ರ ವಲಸೆ ಕಾಯ್ದೆ ಭಾರತೀಯ ವೈದ್ಯರಿಗೆ ಬಾಗಿಲು ತೆರೆದದ್ದೂ ಫ್ಯಾಮಿಲಿ ಪ್ರಾಕ್ಟೀಸ್ ರೂಪುಗೊಂಡದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಮೈಸೂರು, ಬೆಂಗಳೂರು, ಮಣಿಪಾಲ, ಹುಬ್ಬಳ್ಳಿಯಲ್ಲಿ ಓದಿದ ಎಷ್ಟೋ ಕನ್ನಡಿಗರು ಬೇರೆ ವೈದ್ಯರು ಬಾರದ ಊರುಗಳಲ್ಲಿ ನೆಲೆ ನಿಂತರು. ನಾನು ನೋಡಿದ ಕಡತಗಳಲ್ಲಿ ಅವರ ದನಿ ಇರಲಿಲ್ಲ. ಬ್ರಿಟನ್ನಿನಲ್ಲಿ ಇಂಥ ದನಿಗಳನ್ನು ದಾಖಲಿಸುವ ಕೆಲಸವನ್ನು ಜೂಲಿಯನ್ ಸಿಂಪ್ಸನ್ ಮಾಡಿದ್ದಾರೆ. ಅಲ್ಲಿನ ಸಾಮಾನ್ಯ ವೈದ್ಯಪದ್ಧತಿಯನ್ನು ದಕ್ಷಿಣ ಏಷ್ಯಾದ ವೈದ್ಯರು ಹೇಗೆ ಕಟ್ಟಿ ನಿಲ್ಲಿಸಿದರು ಎಂಬ ಅವರ ಪುಸ್ತಕ 2018ರಲ್ಲಿ ಬಂತು. ಅದರ ಪ್ರೇರಣೆಯಿಂದ ನಿವೃತ್ತ ಕನ್ನಡ ವೈದ್ಯರ ಮಾತುಗಳನ್ನು ಧ್ವನಿಮುದ್ರಿಸಲು ತೊಡಗಿದೆ.

ಸಂದರ್ಶನ ಮಾಡುವವರಿಗೆ ಕೆಲವು ಮಾತು. ಸಾಧನೆ, ಪ್ರಶಸ್ತಿಗಳಿಂದ ಶುರು ಮಾಡಬೇಡಿ. ಮೊದಲ ದಿನದ ಫೀಸು ಎಷ್ಟು, ರಾತ್ರಿ ಫೋನು ಯಾರು ಎತ್ತುತ್ತಿದ್ದರು, ಹಿಮ ಬಿದ್ದಾಗ ಹೆರಿಗೆಗೆ ಹೇಗೆ ಹೋದಿರಿ ಎಂದು ಕೇಳಿ. ಕನ್ನಡದಲ್ಲೇ ಕೇಳಿ, ಅದುವರೆಗೆ ಬಯೋಡೇಟಾ ಒಪ್ಪಿಸುತ್ತಿದ್ದವರು ಊರು, ಅವ್ವ, ಸಾಲ, ಭಯ ಎಲ್ಲ ಹೇಳತೊಡಗುತ್ತಾರೆ. ಅವರ ಪತ್ನಿಯನ್ನೂ ಕೂರಿಸಿಕೊಳ್ಳಿ. ಎಷ್ಟೋ ಕ್ಲಿನಿಕ್ಕುಗಳಲ್ಲಿ ಲೆಕ್ಕ ಬರೆದವರು, ರೋಗಿಗಳ ಹೆಸರು ನೆನಪಿಟ್ಟವರು ಅವರೇ. ಲಿಖಿತ ಒಪ್ಪಿಗೆ ಪಡೆಯಿರಿ. ರೋಗಿಯ ಗುರುತು ಎಲ್ಲೂ ಬರಕೂಡದು. ಅಮೆರಿಕದ ನಿಯಮದಲ್ಲಿ ರೋಗಿ ತೀರಿಕೊಂಡ ಮೇಲೂ 50 ವರ್ಷ ಅವರ ಆರೋಗ್ಯ ಮಾಹಿತಿಗೆ ರಕ್ಷಣೆಯಿದೆ. ಕಾನೂನು ಹೇಳದಿದ್ದರೂ ನಾವು ಆ ಶಿಸ್ತು ಪಾಲಿಸಬೇಕು.

ಈ ಕೆಲಸ ಕರ್ನಾಟಕದಲ್ಲಿ ಇನ್ನೂ ತುರ್ತಿನದು. 1946ರ ಭೋರ್ ಸಮಿತಿ ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯಪದವಿ ಸಾಕೆಂದಿತು; ಎಲ್‌ಎಂಪಿಯಂಥ, ಪದವಿಗಿಂತ ಕೆಳಹಂತದ ವೈದ್ಯ ಕೋರ್ಸುಗಳು ನಿಂತವು. ಹಳ್ಳಿ, ಪೇಟೆಗಳಲ್ಲಿ ಆ ಕೋರ್ಸು ಓದಿದ ಡಾಕ್ಟರು ಮಾಡಿದ ಕೆಲಸದ ದಾಖಲೆ ಎಷ್ಟು ಉಳಿದಿದೆ? ಭಾರತೀಯ ವೈದ್ಯಕೀಯ ಸಂಘ ಸಾಮಾನ್ಯ ವೈದ್ಯರ ಕಾಲೇಜು ಸ್ಥಾಪಿಸಿದ್ದು 1963ರಲ್ಲಿ, ಅಮೆರಿಕದ ಮಂಡಳಿಗಿಂತ ಆರು ವರ್ಷ ಮೊದಲು. ಅಂದರೆ ನಮ್ಮಲ್ಲಿ ಆಲೋಚನೆ ತಡವಾಗಿ ಹುಟ್ಟಿದ್ದಲ್ಲ. ಅಮೆರಿಕದವರು ವಾದ, ಮತದಾನ, ಪರೀಕ್ಷೆ, ರೆಸಿಡೆನ್ಸಿಗಳ ಮೂಲಕ ಅದನ್ನು ಸಂಸ್ಥೆಯಾಗಿ ಬೆಳೆಸಿದರು, ಬೆಳೆಸಿದ ಬಗೆಯನ್ನು ಬರೆದಿಟ್ಟರು. ಕುಟುಂಬ ವೈದ್ಯರು ಬೇಕೆಂದು ಇಂದು ಭಾರತದಲ್ಲಿ ಕೇಳುವವರಿಗೆ ಅಂಥ ದಾಖಲೆಯೇ ದೊಡ್ಡ ಬಲವಾಗಬಲ್ಲದು.

ಆದ್ದರಿಂದ ನನ್ನದೊಂದು ಕೋರಿಕೆ. ಹಳೆಯ ಕ್ಲಿನಿಕ್ ಮುಚ್ಚುವ ಮಕ್ಕಳು ಅಪ್ಪನ ರಿಜಿಸ್ಟರು, ಔಷಧದ ಲೆಕ್ಕಪುಸ್ತಕ, ದೊಡ್ಡಾಸ್ಪತ್ರೆಗೆ ಬರೆದ ಚೀಟಿಗಳ ಪ್ರತಿಯನ್ನು ರದ್ದಿಗೆ ಹಾಕದಿರಲಿ. ಇತಿಹಾಸ ವಿಭಾಗದ ಅಧ್ಯಾಪಕರು ಕಾಂಪೌಂಡರುಗಳನ್ನೂ ದಾದಿಯರನ್ನೂ ಮಾತಾಡಿಸಲಿ. ನಮ್ಮ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಒಬ್ಬ ಯುವ ವೈದ್ಯನಿಗೋ ಇತಿಹಾಸದ ವಿದ್ಯಾರ್ಥಿನಿಗೋ ಬಸ್ಸಿನ ಖರ್ಚು, ಉಳಿದುಕೊಳ್ಳುವ ಖರ್ಚು, ಒಂದು ಧ್ವನಿಮುದ್ರಣ ಯಂತ್ರ ಕೊಡುವಷ್ಟು ಸಣ್ಣ ಫೆಲೋಶಿಪ್ ಸ್ಥಾಪಿಸಲಿ. ದೊಡ್ಡ ಮೊತ್ತ ಬೇಕಿಲ್ಲ. ನನಗೆ ಸಿಕ್ಕಿದ್ದೂ ಸಣ್ಣ ನೆರವೇ. ತೊಂಬತ್ತು ದಾಟಿದ ಡಾಕ್ಟರು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಬೇಕಾದದ್ದನ್ನು ಈ ವರ್ಷವೇ ಕೇಳಬೇಕು.